ಗಾಳಿಯಿಲ್ಲದ ಉಸಿರು, ನೀರು ಕಾಯುವ ಗಂಟಲು

ಹೊಟ್ಟೆಯಲ್ಲಿರುವ ಮಗು ತಿಂಗಳುಗಟ್ಟಲೆ ಉಸಿರಾಡುತ್ತದೆ. ಎಳೆದುಕೊಳ್ಳಲು ಅಲ್ಲಿ ಗಾಳಿಯೇ ಇಲ್ಲ. ಆದರೂ ಎದೆ–ಹೊಟ್ಟೆಗಳ ನಡುವಿನ ಸ್ನಾಯುವಾದ ವಪೆ ಮತ್ತು ಗಂಟಲಿನ ಪುಟ್ಟ ಸ್ನಾಯುಗಳು ಜೊತೆಯಾಗಿ ದುಡಿಯುತ್ತಲೇ ಇರುತ್ತವೆ. ಯಾಕೆ?

ದಿನ ತುಂಬುತ್ತಿರುವ ಬಸುರಿಗೆ ಬಿ.ಪಿ. ಏರಿದರೆ, ಸಕ್ಕರೆ ಕಾಯಿಲೆ ಇದ್ದರೆ ಅಥವಾ ಮಗು ಒದೆಯುವುದು ಕಡಿಮೆಯಾಗಿದೆ ಎಂದು ಅವಳು ಹೇಳಿದರೆ ವೈದ್ಯರು ಒಂದು ವಿಶೇಷ ಸ್ಕ್ಯಾನ್ ಬರೆದುಕೊಡುತ್ತಾರೆ. ಬಯೋಫಿಸಿಕಲ್ ಪ್ರೊಫೈಲ್ ಎಂದು ಅದರ ಹೆಸರು. ಮಗುವಿನ ಆರೋಗ್ಯಕ್ಕೆ ಅಂಕ ಕೊಡುವ ಪರೀಕ್ಷೆಯದು. ಮೈ ಹೊರಳಿಸಿತೇ, ಕೈಕಾಲು ಮಡಚಿ ಬಿಚ್ಚಿತೇ, ಸುತ್ತ ನೀರು ಸಾಕಷ್ಟಿದೆಯೇ, ಅಲುಗಾಡಿದಾಗ ಎದೆಬಡಿತ ಏರಿತೇ ಎಂದು ಒಂದೊಂದನ್ನೇ ನೋಡಿ ತಲಾ ಎರಡು ಅಂಕ ಹಾಕುತ್ತಾರೆ. ಆ ಪಟ್ಟಿಯಲ್ಲಿ ‘ಫೀಟಲ್ ಬ್ರೀದಿಂಗ್’ ಎಂಬ ಇನ್ನೊಂದು ಸಾಲೂ ಇದೆ. ಅರ್ಧ ಗಂಟೆಯೊಳಗೆ ಒಮ್ಮೆಯಾದರೂ 30 ಸೆಕೆಂಡು ಮಗು ಉಸಿರಾಡಿದ್ದು ಪರದೆಯ ಮೇಲೆ ಕಂಡರೆ ಆ ಎರಡು ಅಂಕವೂ ಅದಕ್ಕೆ ಸಂದಂತೆ. 1980ರಲ್ಲಿ ಫ್ರಾಂಕ್ ಮ್ಯಾನಿಂಗ್ ಮತ್ತು ಸಂಗಡಿಗರು ರೂಪಿಸಿದ ಈ ಅಂಕಪಟ್ಟಿ ಇಂದಿಗೂ ಬಳಕೆಯಲ್ಲಿದೆ.

ವರದಿ ಓದಿದ ಮನೆಯವರಿಗೆ ಗೊಂದಲವಾದರೆ ಅದು ಸಹಜ. ನೀರಿನಲ್ಲಿ ಮುಳುಗಿರುವ ಮಗು ಉಸಿರಾಡುವುದೆಂದರೇನು? ಅದಕ್ಕೆ ಬೇಕಾದ ಆಮ್ಲಜನಕವೆಲ್ಲ ಮಾಸಿನಿಂದ ಹೊಕ್ಕುಳಬಳ್ಳಿಯಲ್ಲಿ ಹರಿದು ಬರುತ್ತಿದೆಯಲ್ಲ!

ಕುತೂಹಲ ಇಂದಿನದಲ್ಲ. ಗರ್ಭದಲ್ಲಿರುವ ಶಿಶು ಯಾಕೆ ಅಳುವುದಿಲ್ಲ ಎಂಬುದಕ್ಕೆ ಸುಶ್ರುತ ಸಂಹಿತೆಯ ಶಾರೀರಸ್ಥಾನ ಕಾರಣ ಕೊಡುತ್ತದೆ. ಬಾಯಿಯನ್ನು ಜರಾಯು ಮುಚ್ಚಿದೆ, ಗಂಟಲನ್ನು ಕಫ ಸುತ್ತಿದೆ, ವಾಯುವಿನ ದಾರಿಗೆ ತಡೆಯಿದೆ ಎಂಬುದು ಅಲ್ಲಿನ ವಿವರಣೆ. ಶಿಶುವಿನ ಉಸಿರು, ನಿದ್ದೆಗಳೆಲ್ಲ ತಾಯಿಯ ಉಸಿರು, ನಿದ್ದೆಗಳಿಂದಲೇ ಒದಗುತ್ತವೆ ಎಂದೂ ಅದು ಹೇಳುತ್ತದೆ. ಆಮ್ಲಜನಕದ ಮಟ್ಟಿಗೆ ಆ ಮಾತು ಸರಿಯೇ. ಗಂಟಲಿನಲ್ಲಿ ತಡೆಯಿದೆ ಎಂಬುದೂ ಸುಳ್ಳಲ್ಲ. ಇಂದು ನಮಗೆ ಗೊತ್ತಿರುವುದು ಇಷ್ಟು: ಆ ತಡೆ ಒಡ್ಡುವವು ಸ್ನಾಯುಗಳು, ಅವು ಹೊತ್ತುಹೊತ್ತಿಗೆ ತೆರೆಯುತ್ತವೆ, ಮುಚ್ಚುತ್ತವೆ. ಶ್ವಾಸಕೋಶ ಬೆಳೆಯುವುದು ಈ ತೆರೆದು ಮುಚ್ಚುವ ಕೆಲಸವನ್ನು ನೆಚ್ಚಿಕೊಂಡು.

ಯಾರೂ ನಂಬದ ಅಲುಗಾಟ

1888ರಲ್ಲಿ ಜರ್ಮನಿಯ ಪ್ರಸೂತಿ ವೈದ್ಯ ಫ್ರೆಡ್ರಿಕ್ ಆಲ್‌ಫೆಲ್ಡ್ ಬಸುರಿಯರ ಹೊಟ್ಟೆಯ ಮೇಲ್ಮೈಯಲ್ಲಿ ಲಯಬದ್ಧವಾದ ಸಣ್ಣ ಅಲುಗಾಟವನ್ನು ಗಮನಿಸಿದರು. ಅದು ತಾಯಿಯ ಉಸಿರೂ ಅಲ್ಲ, ನಾಡಿಬಡಿತವೂ ಅಲ್ಲ, ಒಳಗಿನ ಮಗುವಿನ ಉಸಿರಾಟ ಎಂದು ಅವರು ವಾದಿಸಿದರು. ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಕೇಂಬ್ರಿಡ್ಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ 1930ರ ದಶಕದಲ್ಲಿ ಕುರಿಯ ಭ್ರೂಣಗಳಲ್ಲಿ ಉಸಿರಾಟದ ಚಲನೆಗಳನ್ನು ಕಂಡರಾದರೂ ಗರ್ಭ ಬಲಿತಂತೆ ಅವು ಅಡಗಿಹೋಗುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಆರೋಗ್ಯವಂತ ಮಗು ಹೊಟ್ಟೆಯಲ್ಲಿ ಉಸಿರಾಡುವುದಿಲ್ಲ, ಮೊದಲ ಉಸಿರು ಮೊದಲ ಅಳುವಿನೊಂದಿಗೇ ಎಂಬ ತಿಳಿವಳಿಕೆ ಇನ್ನೊಂದು ತಲೆಮಾರಿನವರೆಗೆ ಉಳಿಯಿತು.

ಅದನ್ನು ತಲೆಕೆಳಗು ಮಾಡಿದ್ದು ಆಕ್ಸ್‌ಫರ್ಡ್‌ನ ನಫೀಲ್ಡ್ ಸಂಸ್ಥೆಯಲ್ಲಿ ಜೆಫ್ರಿ ಡಾಸ್ ಅವರ ತಂಡ. ಗಬ್ಬದ ಕುರಿಗೆ ಶಸ್ತ್ರಕ್ರಿಯೆ ಮಾಡಿ, ಮರಿಯ ಶ್ವಾಸನಾಳದಲ್ಲಿ ಸಪೂರ ಕೊಳವೆ ಇರಿಸಿ, ಮಿದುಳಿನ ಅಲೆಗಳನ್ನು ದಾಖಲಿಸಲು ತಂತಿ ಜೋಡಿಸಿ, ಗರ್ಭಕೋಶವನ್ನು ಮತ್ತೆ ಹೊಲಿದುಬಿಟ್ಟರು. ಕುರಿ ಎದ್ದು ಮೇಯತೊಡಗಿದ ಮೇಲೂ ದಿನಗಟ್ಟಲೆ ಒಳಗಿನ ಒತ್ತಡದ ದಾಖಲೆ ಕಾಗದದ ಮೇಲೆ ಇಳಿಯುತ್ತಲೇ ಇತ್ತು. 1972ರಲ್ಲಿ ಪ್ರಕಟವಾದ ಅವರ ಪ್ರಬಂಧ ಎರಡು ಸಂಗತಿಗಳನ್ನು ಸಾಬೀತು ಮಾಡಿತು. ಮರಿ ಹೊಟ್ಟೆಯೊಳಗೇ ಉಸಿರಾಡುತ್ತದೆ. ಹಾಗೆ ಆಡುವುದು ಕಣ್ಣಾಲಿಗಳು ಚುರುಕಾಗಿ ಹೊರಳುವ ನಿದ್ದೆಯ ಹೊತ್ತಿನಲ್ಲಿ, ಅಂದರೆ ದೊಡ್ಡವರಿಗೆ ಕನಸು ಬೀಳುವ ಬಗೆಯ ನಿದ್ದೆಯಲ್ಲಿ. ಗಾಢ ನಿದ್ದೆಗೆ ಜಾರಿದಾಗ ಉಸಿರು ನಿಂತಿರುತ್ತದೆ.

ಮನುಷ್ಯರ ವಿಷಯ ಸ್ಪಷ್ಟವಾದದ್ದು ಅಲ್ಟ್ರಾಸೌಂಡ್ ಬಂದ ಮೇಲೆ. ಬಸಿರಿನ ಹತ್ತನೇ ವಾರದ ಹೊತ್ತಿಗೇ, ಇನ್ನೂ ಹೆಬ್ಬೆರಳುದ್ದವೂ ಇರದ ಭ್ರೂಣದಲ್ಲಿ, ಉಸಿರಾಟದ ಚಲನೆ ಶುರುವಾಗಿರುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 1982ರಲ್ಲಿ ವರದಿ ಮಾಡಿದರು. ಕೆನಡಾದ ಜಾನ್ ಪ್ಯಾಟ್ರಿಕ್ ಮತ್ತು ಸಂಗಡಿಗರು ದಿನದ 24 ಗಂಟೆಯೂ ಸ್ಕ್ಯಾನ್ ಮಾಡುತ್ತ ಕುಳಿತು ಲೆಕ್ಕ ಹಾಕಿದ ಪ್ರಕಾರ ಕೊನೆಯ ಹತ್ತು ವಾರಗಳಲ್ಲಿ ಮಗು ಒಟ್ಟು ಸಮಯದ ಸುಮಾರು ಶೇ 30ರಷ್ಟನ್ನು ಉಸಿರಾಟದಲ್ಲಿ ಕಳೆಯುತ್ತದೆ. ಉಳಿದ ಹೊತ್ತು ಬಿಡುವು.

ಶ್ವಾಸಕೋಶದ ಸ್ವಂತ ನೀರು

ಮಗು ಉಸಿರೆಳೆದಾಗ ಸುತ್ತಲಿನ ಗರ್ಭಜಲ ಶ್ವಾಸಕೋಶಕ್ಕೆ ನುಗ್ಗುತ್ತದೆ ಎಂದುಕೊಳ್ಳುವುದು ಸುಲಭ. ನಡೆಯುವುದು ಬೇರೆ. 1948ರಲ್ಲಿ ಫ್ರಾನ್ಸ್‌ನ ಜೋಸ್ಟ್ ಮತ್ತು ಪೊಲಿಕಾರ್ ಮೊಲದ ಭ್ರೂಣಗಳಲ್ಲಿ ಕತ್ತಿನ ಮಟ್ಟದಲ್ಲೇ ಹೊರದಾರಿ ಕಟ್ಟಿ ನೋಡಿದರು. ಹೊರಗಿನಿಂದ ಒಂದು ಹನಿಯೂ ಬರಲು ಹಾದಿಯಿಲ್ಲ. ಆದರೂ ಶ್ವಾಸಕೋಶಗಳು ನೀರು ತುಂಬಿ ಉಬ್ಬಿದ್ದವು. ಆ ನೀರನ್ನು ಶ್ವಾಸಕೋಶವೇ ಉತ್ಪಾದಿಸುತ್ತಿತ್ತು.

ಶ್ವಾಸಕೋಶದ ಒಳಪದರದ ಜೀವಕೋಶಗಳು ಕ್ಲೋರೈಡನ್ನು ಒಳಗೆ ದೂಡುತ್ತವೆ, ಅದರ ಬೆನ್ನಿಗೇ ನೀರು ಬರುತ್ತದೆ. ದಿನ ತುಂಬಿದ ಕುರಿಮರಿಯಲ್ಲಿ ದೇಹತೂಕದ ಪ್ರತಿ ಕೆ.ಜಿ.ಗೆ ಗಂಟೆಗೆ ಸುಮಾರು 4 ಮಿ.ಲೀ. ನೀರು ಹೀಗೆ ಊರುತ್ತದೆ. ಒಳಗೆ ನಿಂತಿರುವ ನೀರಿನ ಪ್ರಮಾಣ ಕೆ.ಜಿ.ಗೆ ಸುಮಾರು 30ರಿಂದ 40 ಮಿ.ಲೀ. ಹೆಚ್ಚಾದದ್ದು ಗಂಟಲಿನವರೆಗೆ ಏರುತ್ತದೆ, ಸ್ವಲ್ಪವನ್ನು ಮರಿ ನುಂಗುತ್ತದೆ, ಉಳಿದದ್ದು ಗರ್ಭಜಲ ಸೇರುತ್ತದೆ. ಹರಿವಿನ ಒಟ್ಟು ದಿಕ್ಕು ಒಳಗಿನಿಂದ ಹೊರಕ್ಕೇ. ಗರ್ಭಜಲವನ್ನು ಪರೀಕ್ಷಿಸಿ ಶ್ವಾಸಕೋಶ ಎಷ್ಟು ಪಕ್ವವಾಗಿದೆ ಎಂದು ಹೇಳಲು ಸಾಧ್ಯವಾದದ್ದೂ ಇದರಿಂದಲೇ. ಶ್ವಾಸಕೋಶ ಕುಸಿಯದಂತೆ ಕಾಯುವ ಜಿಡ್ಡಿನ ಅಂಶಗಳು ಈ ನೀರಿನೊಂದಿಗೆ ಹೊರಗೆ ಬಂದಿರುತ್ತವೆ.

ಹಾಗಾದರೆ ಉಸಿರಾಡಿದಾಗ ಏನಾಗುತ್ತದೆ? ವಪೆ ಕೆಳಗಿಳಿಯುತ್ತದೆ, ಎದೆಗೂಡು ತುಸು ಒಳಸೇರುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಗಾಳಿಗಿಂತ ನೀರು ಬಹಳ ಮಂದ. ಹಾಗಾಗಿ ಒಂದು ಉಸಿರಿಗೆ ಹಿಂದೆ ಮುಂದೆ ಸರಿಯುವ ನೀರು ಸಾಮಾನ್ಯವಾಗಿ ಒಂದು ಮಿ.ಲೀ.ಗಿಂತಲೂ ಕಡಿಮೆ. ಇಷ್ಟು ಶ್ರಮಕ್ಕೆ ಇಷ್ಟೇ ಫಲವೇ ಎನಿಸಬಹುದು. ನೀರನ್ನು ಓಡಾಡಿಸುವುದು ಈ ಶ್ರಮದ ಉದ್ದೇಶವಲ್ಲ. ಒಳಗಿರುವ ನೀರನ್ನು ಉಳಿಸಿಕೊಳ್ಳುವುದೇ ಉದ್ದೇಶ.

ಕೆರೆ, ತೂಬು, ನೀರುಗಂಟಿ

ನಮ್ಮ ಕೆರೆಗಳನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಶ್ವಾಸಕೋಶ ಒಂದು ಕೆರೆ, ಊಟೆ ಒಳಗೇ ಇದೆ. ಧ್ವನಿಪೆಟ್ಟಿಗೆ ಅದರ ತೂಬು. ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನಿರ್ಧರಿಸುವ ನೀರುಗಂಟಿ ಕುಳಿತಿರುವುದು ಮಿದುಳುಕಾಂಡದಲ್ಲಿ. ತೂಬು ಸದಾ ತೆರೆದಿದ್ದರೆ ಕೆರೆ ಬರಿದು. ಸದಾ ಮುಚ್ಚಿದ್ದರೆ ಏರಿಗೇ ಅಪಾಯ.

ಈ ಕೆರೆಗೆ ಇನ್ನೊಂದು ಗುಣವಿದೆ. ಹಿಗ್ಗಿದ ಶ್ವಾಸಕೋಶ ತಾನಾಗಿ ಕುಗ್ಗಲು ನೋಡುತ್ತದೆ, ನೀರನ್ನು ಹೊರಗೆ ತಳ್ಳುತ್ತಿರುತ್ತದೆ. ಆಸ್ಟ್ರೇಲಿಯದ ಮೋನಾಷ್ ವಿಶ್ವವಿದ್ಯಾಲಯದ ರಿಚರ್ಡ್ ಹಾರ್ಡಿಂಗ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕುರಿಮರಿಗಳ ಗಂಟಲಿನ ಸ್ನಾಯುಗಳಿಗೇ ಸೂಕ್ಷ್ಮ ತಂತಿಗಳನ್ನು ಜೋಡಿಸಿ, ಈ ತಳ್ಳಾಟವನ್ನು ತಡೆಯುವವರು ಯಾರೆಂದು ಕಂಡುಕೊಂಡರು. ಉಸಿರಾಟಕ್ಕೆ ಬಿಡುವಿದ್ದಾಗ ಧ್ವನಿತಂತುಗಳನ್ನು ಹತ್ತಿರ ತರುವ ಸ್ನಾಯುಗಳು ಬಿಗಿದಿರುತ್ತವೆ. ತೂಬು ಇಳಿದಿದೆ, ನೀರು ಒಳಗೇ ನಿಲ್ಲುತ್ತದೆ. ಶ್ವಾಸಕೋಶದೊಳಗಿನ ಒತ್ತಡ ಹೊರಗಿನ ಗರ್ಭಜಲದ ಒತ್ತಡಕ್ಕಿಂತ ಒಂದೆರಡು ಮಿ.ಮೀ. ಪಾದರಸದಷ್ಟು ಹೆಚ್ಚಾಗಿರುತ್ತದೆ. ಅಷ್ಟು ಸಣ್ಣ ಹೆಚ್ಚಳವೇ ಶ್ವಾಸಕೋಶವನ್ನು ಹಿಗ್ಗಿಸಿಡಲು ಸಾಕು.

ಉಸಿರಾಟ ಶುರುವಾದಾಗ ಕೆಲಸ ಹಂಚಿಕೆ ಬದಲಾಗುತ್ತದೆ. ವಪೆ ಎಳೆಯುವ ಹೊತ್ತಿಗೆ ಗಂಟಲು ತೆರೆಯುತ್ತದೆ. ತೂಬು ಎತ್ತಿದ ಮೇಲೆ ನೀರು ಸುಲಭವಾಗಿ ಹೊರಡಬಹುದು, ಹೊರಡುತ್ತದೆ ಕೂಡ. ಆದರೆ ಅದೇ ಹೊತ್ತಿನಲ್ಲಿ ವಪೆ ಮತ್ತೆ ಮತ್ತೆ ಒಳಕ್ಕೆ ಎಳೆಯುತ್ತಿರುವುದರಿಂದ ಕೆರೆ ಬರಿದಾಗುವುದಿಲ್ಲ. ಬಿಡುವಿನಲ್ಲಿ ಗಂಟಲು ಕಾಯುತ್ತದೆ, ಉಸಿರಾಟದಲ್ಲಿ ವಪೆ ಕಾಯುತ್ತದೆ. ಈ ಪಾಳಿ ಬದಲಾವಣೆ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ.

ತೆರೆಯುವುದಕ್ಕೆ ಒಂದೇ ಜೋಡಿ

ಧ್ವನಿಪೆಟ್ಟಿಗೆಯಲ್ಲಿ ತಂತುಗಳನ್ನು ಹತ್ತಿರ ತರಲು ಹಲವು ಸ್ನಾಯುಗಳಿವೆ. ಅವನ್ನು ದೂರ ಸರಿಸಿ ದಾರಿ ತೆರೆಯಲು ಇರುವುದು ಒಂದೇ ಜೋಡಿ. ಪೆಟ್ಟಿಗೆಯ ಹಿಂಬದಿಗೆ ಅಂಟಿಕೊಂಡಿರುವ ಅದಕ್ಕೆ ಪೋಸ್ಟೀರಿಯರ್ ಕ್ರೈಕೋಆರಿಟಿನಾಯ್ಡ್ ಎಂಬ ಉದ್ದನೆಯ ಹೆಸರು. ನಾವು ನೀವು ಈಗ ಎಳೆಯುತ್ತಿರುವ ಪ್ರತಿ ಉಸಿರಿಗೂ ಅದೇ ಬಾಗಿಲು ತೆರೆಯುತ್ತಿದೆ.

ಈ ಸ್ನಾಯುವಿಗೂ ವಪೆಗೂ ಆದೇಶ ಹೋಗುವ ದಾರಿಗಳು ಬೇರೆ ಬೇರೆ. ಗಂಟಲಿನ ನರ ವೇಗಸ್ ನರದ ಕವಲು. ಎಡಬದಿಯಲ್ಲಿ ಅದು ಎದೆಯವರೆಗೆ ಇಳಿದು, ಮಹಾಪಧಮನಿಯ ಕಮಾನನ್ನು ಬಳಸಿ, ಮತ್ತೆ ಗಂಟಲಿಗೆ ಏರಿ ಬರುತ್ತದೆ. ವಪೆಯ ನರ ಹೊರಡುವುದು ಕತ್ತಿನ ಬೆನ್ನುಹುರಿಯಿಂದ. ಭ್ರೂಣದ ಮೊದಲ ವಾರಗಳಲ್ಲಿ ವಪೆಯ ಮೂಲ ರೂಪ ಕತ್ತಿನ ಮಟ್ಟದಲ್ಲೇ ಇರುತ್ತದೆ. ಕ್ರಮೇಣ ಅದು ಕೆಳಗಿಳಿಯುವಾಗ ನರವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹೊಟ್ಟೆಯ ಮೇಲೆ ಕೂತಿರುವ ಸ್ನಾಯುವಿಗೆ ಕತ್ತಿನಿಂದ ಅಪ್ಪಣೆ ಬರುವುದು ಹೀಗೆ.

ಹಾದಿ ಎರಡಾದರೂ ತಾಳ ಹಾಕುವ ಜಾಗ ಒಂದು. ಮಿದುಳುಕಾಂಡದಲ್ಲಿರುವ ಪ್ರಿ-ಬೋಟ್ಸಿಂಗರ್ ಎಂಬ ನರಕೋಶಗಳ ಗುಂಪೇ ಉಸಿರಿನ ಲಯ ಹುಟ್ಟಿಸುತ್ತದೆ ಎಂದು ಅಮೆರಿಕದ ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಇಲಿಗಳಲ್ಲಿ ಈ ಗುಂಪು ಹುಟ್ಟಿಗೆ ಮುಂಚೆಯೇ ಮಿಡಿಯತೊಡಗುತ್ತದೆ.

ಅಭ್ಯಾಸವಷ್ಟೇ ಅಲ್ಲ

ಹೊಟ್ಟೆಯೊಳಗಿನ ಉಸಿರಾಟವನ್ನು ಹುಟ್ಟಿದ ಮೇಲಿನ ಉಸಿರಾಟಕ್ಕೆ ಅಭ್ಯಾಸ ಎಂದು ವಿವರಿಸುವುದುಂಟು. ಅದು ನಿಜದ ಒಂದು ಭಾಗ ಮಾತ್ರ. ಆ ಚಲನೆಯನ್ನು ನಿಲ್ಲಿಸಿದರೆ ಆಗುವ ನಷ್ಟ ಮುಂದೆಂದೋ ಹುಟ್ಟಿದ ದಿನ ಕಾಣಿಸುವಂಥದ್ದಲ್ಲ. ಅಂಗ ಅಲ್ಲೇ, ಆಗಲೇ ಸೊರಗುತ್ತದೆ. ವಪೆಯ ನರ ಕತ್ತರಿಸಿದ ಕುರಿಮರಿಗಳಲ್ಲಿ ಶ್ವಾಸಕೋಶ ಚಿಕ್ಕದಾಗಿಯೇ ಉಳಿಯಿತು. 1977ರಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಕೆಲವು ಮರಿಗಳ ಶ್ವಾಸನಾಳವನ್ನು ಕಟ್ಟಿದರು, ಕೆಲವುದರಲ್ಲಿ ನೀರು ಸದಾ ಬಸಿದುಹೋಗುವಂತೆ ಮಾಡಿದರು. ಕಟ್ಟಿದ್ದರ ಶ್ವಾಸಕೋಶ ವಿಪರೀತ ಬೆಳೆದಿತ್ತು, ಬಸಿದದ್ದರದು ಬಡಕಲಾಗಿತ್ತು. ನೀರಿನ ಹಿಗ್ಗೇ ಜೀವಕೋಶಗಳಿಗೆ ಬೆಳೆಯಿರಿ ಎಂಬ ಸೂಚನೆ.

ಮನುಷ್ಯರಲ್ಲಿ ಇಂಥ ಪ್ರಯೋಗಗಳನ್ನು ನಿಸರ್ಗವೇ ನಿರ್ದಯವಾಗಿ ಮಾಡಿ ತೋರಿಸುತ್ತದೆ. ಸ್ನಾಯುಗಳು ಅಲುಗಾಡದ ಅಪರೂಪದ ವಂಶವಾಹಿ ತೊಂದರೆಗಳಲ್ಲಿ ಮಗು ಪುಟಾಣಿ ಶ್ವಾಸಕೋಶದೊಂದಿಗೆ ಹುಟ್ಟುತ್ತದೆ. ಮೂತ್ರಪಿಂಡಗಳೇ ಇಲ್ಲದೆ ಗರ್ಭಜಲ ಬತ್ತಿದ ಮಕ್ಕಳಲ್ಲೂ ಅದೇ ಕಥೆ. ಅಂಥ ಮಕ್ಕಳ ಲಕ್ಷಣಗಳನ್ನು ಎಡಿತ್ ಪಾಟರ್ 1946ರಲ್ಲಿ ವಿವರಿಸಿದರು. ಸುತ್ತಲಿನ ನೀರು ಬತ್ತಿದಾಗ ಒಳಗಿನ ನೀರೂ ಹೊರನಡೆಯುತ್ತದೆ. ಧ್ವನಿಪೆಟ್ಟಿಗೆಯೇ ಹುಟ್ಟಿನಿಂದ ಮುಚ್ಚಿಕೊಂಡಿರುವ ಮಕ್ಕಳಲ್ಲಿ ಇದರ ತದ್ವಿರುದ್ಧ. ಶ್ವಾಸಕೋಶ ಎಷ್ಟು ಉಬ್ಬಿರುತ್ತದೆಂದರೆ ಗುಂಡಿಗೆಯನ್ನು ಅದುಮುತ್ತದೆ, ವಪೆಯನ್ನು ಚಪ್ಪಟೆ ಮಾಡುತ್ತದೆ.

ಇಲ್ಲಿ ಗಾತ್ರ ಒಂದು, ಪಕ್ವತೆ ಇನ್ನೊಂದು. ಡಾಸ್ ಅವರ 1972ರ ಪ್ರಬಂಧದ ಸಹಲೇಖಕರಲ್ಲಿ ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ ಒಬ್ಬರು. ಅದೇ ವರ್ಷ ಅವರೂ ರಾಸ್ ಹೋವಿ ಅವರೂ, ಅವಧಿಗೆ ಮುನ್ನ ಹೆರಿಗೆಯಾಗುವ ತಾಯಂದಿರಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಕ್ಕಳ ಉಸಿರಾಟದ ತೊಂದರೆ ತಗ್ಗುತ್ತದೆ ಎಂದು ತೋರಿಸಿದರು. ಇಂಥ ಚುಚ್ಚುಮದ್ದು ನಮ್ಮಂಥ ದೇಶಗಳ ಆಸ್ಪತ್ರೆಗಳಲ್ಲೂ ಜೀವ ಉಳಿಸೀತೇ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ, ಬೆಳಗಾವಿಯೂ ಪಾಲ್ಗೊಂಡ ಅಧ್ಯಯನ 2020ರಲ್ಲಿ ಉತ್ತರ ಕೊಟ್ಟಿತು. ಡೆಕ್ಸಾಮೆಥಾಸೋನ್ ಪಡೆದ ತಾಯಂದಿರ ಗುಂಪಿನಲ್ಲಿ ನವಜಾತ ಶಿಶುಗಳ ಸಾವು ಶೇ 23.5ರ ಬದಲು ಶೇ 19.6. ಔಷಧ ಇರುವ ಶ್ವಾಸಕೋಶವನ್ನು ಬೇಗ ಮಾಗಿಸಬಲ್ಲದು. ಅಂಗದ ಗಾತ್ರವನ್ನು ಕಟ್ಟಿರಬೇಕಾದದ್ದು ಅದಕ್ಕೂ ಮೊದಲೇ ನೀರು ಮತ್ತು ಸ್ನಾಯು.

ಶ್ವಾಸನಾಳದಲ್ಲಿ ಬಲೂನು

ಈ ತಿಳಿವಳಿಕೆಯನ್ನು ಚಿಕಿತ್ಸೆಯಾಗಿ ತಿರುಗಿಸಿದ್ದು ವಪೆಯಲ್ಲೇ ತೂತಿರುವ ಮಕ್ಕಳಿಗಾಗಿ. ಸರಿಸುಮಾರು ಮೂರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಕರುಳು ಎದೆಗೂಡಿಗೆ ನುಗ್ಗಿ ಶ್ವಾಸಕೋಶಕ್ಕೆ ಬೆಳೆಯಲು ಜಾಗ ಬಿಡುವುದಿಲ್ಲ. ತೂತನ್ನು ಹುಟ್ಟಿದ ಮೇಲೆ ಹೊಲಿಯಬಹುದು, ಬೆಳೆಯದ ಶ್ವಾಸಕೋಶವನ್ನು ಹೊಲಿದು ತರಲಾಗದು.

ಬೆಲ್ಜಿಯಂನ ಲೂವೆನ್‌ನಲ್ಲಿ ಯಾನ್ ಡೆಪ್ರೆಸ್ಟ್ ಮತ್ತು ಸಂಗಡಿಗರು ಬೆಳೆಸಿದ ವಿಧಾನದಲ್ಲಿ ತಾಯಿಯ ಹೊಟ್ಟೆಯ ಮೂಲಕ ಸಪೂರವಾದ ದರ್ಶಕ ಕೊಳವೆ ಒಳಹೋಗುತ್ತದೆ. ಅದು ಮಗುವಿನ ತುಟಿ ದಾಟಿ, ನಾಲಿಗೆಯ ಮೇಲೆ ಸಾಗಿ, ಧ್ವನಿತಂತುಗಳ ನಡುವೆ ನುಸುಳಿ, ಶ್ವಾಸನಾಳದಲ್ಲಿ ಪುಟ್ಟ ಬಲೂನೊಂದನ್ನು ಉಬ್ಬಿಸಿಟ್ಟು ಹಿಂದೆ ಬರುತ್ತದೆ. ತೀವ್ರ ತೊಂದರೆ ಇರುವವರಿಗೆ ಇದನ್ನು ಮಾಡುವುದು 27ರಿಂದ 29ನೇ ವಾರದ ನಡುವೆ. ಅಲ್ಲಿಂದ ಮುಂದೆ ನೀರು ಹೊರಗೆ ಹೋಗುವಂತಿಲ್ಲ, ಶ್ವಾಸಕೋಶ ಹಿಗ್ಗಲೇಬೇಕು. 34ನೇ ವಾರದಲ್ಲಿ ಬಲೂನು ತೆಗೆಯುತ್ತಾರೆ. ತೆಗೆಯುವುದಕ್ಕೂ ಕಾರಣವಿದೆ. ಹಿಗ್ಗು ಬಿಡುವಿಲ್ಲದೆ ಮುಂದುವರಿದರೆ ಶ್ವಾಸಕೋಶದ ಜಿಡ್ಡು ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತವೆ. ಗಂಟಲು ತಾನಾಗಿ ಮಾಡುವ ತೆರೆ–ಮುಚ್ಚು ಕೆಲಸದ ಬೆಲೆ ಇಲ್ಲಿ ಗೊತ್ತಾಗುತ್ತದೆ.

2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ತೀವ್ರ ತೊಂದರೆಯ ಮಕ್ಕಳ ಪೈಕಿ ಬಲೂನು ಇಟ್ಟವರಲ್ಲಿ ಶೇ 40ರಷ್ಟು ಬದುಕಿ ಮನೆಗೆ ಹೋದರು, ಇಡದವರಲ್ಲಿ ಶೇ 15ರಷ್ಟು ಮಾತ್ರ. ಇದಕ್ಕೆ ತೆತ್ತ ಬೆಲೆಯೂ ಇದೆ. ಬಲೂನು ಇಟ್ಟ ತಾಯಂದಿರಿಗೆ ನೀರು ಬೇಗ ಒಡೆದು, ಅವಧಿಗೆ ಮುನ್ನ ಹೆರಿಗೆಯಾಗುವುದು ಹೆಚ್ಚು.

ತಾಯಿಗೆ ತಿಳಿಯುವ ಬಿಕ್ಕಳಿಕೆ

ಮಗುವಿನ ಈ ಉಸಿರಾಟ ಸಾಮಾನ್ಯವಾಗಿ ತಾಯಿಯ ಅರಿವಿಗೆ ಬರುವುದಿಲ್ಲ. ಆದರೆ ಬಿಕ್ಕಳಿಕೆ ಬರುತ್ತದೆ. ಒಂದೇ ಜಾಗದಲ್ಲಿ, ಒಂದೇ ಸಮನೆ, ಕೆಲವು ನಿಮಿಷ ಟಕ್ ಟಕ್ ಎಂದು ಮಿಡಿಯುವುದು ಅದೇ. ವಪೆ ಥಟ್ಟನೆ ಎಳೆಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಗಂಟಲು ಮುಚ್ಚಿಕೊಳ್ಳುತ್ತದೆ. ಇದೂ ಅದೇ ಎರಡು ಪಾತ್ರಗಳ ಆಟ, ಕ್ರಮ ಮಾತ್ರ ಬೇರೆ. ಅದರಿಂದ ಗಾಬರಿಪಡುವ ಅಗತ್ಯವಿಲ್ಲ.

ತಾಯಿ ಊಟ ಮಾಡಿದ ಎರಡು ಮೂರು ಗಂಟೆಗಳಲ್ಲಿ, ರಕ್ತದಲ್ಲಿ ಸಕ್ಕರೆ ಏರಿದಂತೆ, ಮಗುವಿನ ಉಸಿರಾಟದ ಚಲನೆಯೂ ಹೆಚ್ಚುತ್ತದೆ. ಮದ್ಯ ಮತ್ತು ಧೂಮಪಾನ ಅದನ್ನು ಕುಗ್ಗಿಸುತ್ತವೆ. ಹೆರಿಗೆಗೆ ಎರಡು ಮೂರು ದಿನ ಇರುವಾಗ ಅದು ತಾನಾಗಿಯೇ ಕಡಿಮೆಯಾಗುತ್ತದೆ. ದೊಡ್ಡವರಿಗೂ ಭ್ರೂಣಕ್ಕೂ ಇರುವ ದೊಡ್ಡ ವ್ಯತ್ಯಾಸ ಆಮ್ಲಜನಕ ತಗ್ಗಿದಾಗ ಕಾಣುತ್ತದೆ. ನಾವು ಏದುಸಿರು ಬಿಡುತ್ತೇವೆ, ಹೊಟ್ಟೆಯಲ್ಲಿರುವ ಮಗು ಉಸಿರಾಟವನ್ನೇ ನಿಲ್ಲಿಸುತ್ತದೆ. ಗಾಳಿಯಿಲ್ಲದ ಕಡೆ ವಪೆ ಆಡಿಸುವುದು ಆಮ್ಲಜನಕದ ಖರ್ಚು ತಾನೇ? ಸ್ಕ್ಯಾನ್‌ನಲ್ಲಿ ‘ಫೀಟಲ್ ಬ್ರೀದಿಂಗ್’ ಸಾಲಿಗೆ ಅಂಕ ಇರುವುದು, ಉಸಿರಾಟ ಕಾಣದಿದ್ದರೆ ಆಮ್ಲಜನಕ ತಗ್ಗಿರಬಹುದು ಎಂಬ ಕಾರಣಕ್ಕಾಗಿ.

ಕೊರತೆ ಇನ್ನೂ ಹೆಚ್ಚಾದರೆ ಮಾತ್ರ ಮಗು ಬಾಯಿ ತೆರೆದು ಆಳವಾಗಿ ಎಳೆಯುತ್ತದೆ. ಆಗ ಗಂಟಲಿನ ಕಾವಲು ಮುರಿಯುತ್ತದೆ. ಒಳಗೇ ಮಲ ವಿಸರ್ಜನೆಯಾಗಿದ್ದರೆ ಅದೂ ನೀರಿನೊಂದಿಗೆ ಶ್ವಾಸಕೋಶ ಸೇರಬಹುದು. ‘ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿ ನೀರು ಕುಡಿದಿದೆ’ ಎಂದು ಹೆರಿಗೆ ವಾರ್ಡಿನ ಹೊರಗೆ ಕೇಳಿಬರುವ ಮಾತಿನ ಹಿಂದಿರುವುದು ಇದೇ. ವಾಸ್ತವವಾಗಿ ಅಪಾಯ ಇರುವುದು ಕುಡಿದದ್ದರಲ್ಲಲ್ಲ. ಗರ್ಭಜಲವನ್ನು ಮಗು ದಿನವೂ ಕುಡಿಯುತ್ತದೆ. ಅಪಾಯ ಎಳೆದುಕೊಂಡದ್ದರಲ್ಲಿ.

ಹುಟ್ಟಿದ ಮೇಲೂ ಬಿಡದ ಹಳೆಯ ಕೆಲಸ

ಹೆರಿಗೆ ನೋವಿನ ಹೊತ್ತಿನಲ್ಲಿ ಮಗುವಿನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ನೀರು ಉತ್ಪಾದಿಸುತ್ತಿದ್ದ ಅದೇ ಜೀವಕೋಶಗಳು ಈಗ ಸೋಡಿಯಂ ಹೀರಿಕೊಳ್ಳುತ್ತವೆ, ಜೊತೆಗೆ ನೀರನ್ನೂ. ಉಳಿದ ನೀರನ್ನು ಮೊದಲ ಉಸಿರುಗಳು ಶ್ವಾಸಕೋಶದ ಸುತ್ತಲಿನ ಅಂಗಾಂಶಕ್ಕೆ ತಳ್ಳಿಬಿಡುತ್ತವೆ. ಜಪಾನಿನ ಸ್ಪ್ರಿಂಗ್-8 ಸಿಂಕ್ರೊಟ್ರಾನ್‌ನಲ್ಲಿ ಮೊಲದ ಮರಿಗಳ ಎಕ್ಸ್‌ರೇ ಚಿತ್ರಗಳನ್ನು ತೆಗೆದಾಗ ಪ್ರತಿ ಉಸಿರಿಗೂ ಗಾಳಿ ಮುಂದೆ ಮುಂದೆ ಸಾಗುವುದು ಕಣ್ಣಿಗೇ ಕಂಡಿತು.

ಅದೇ ತಂತ್ರದಿಂದ 2018ರಲ್ಲಿ ಇನ್ನೊಂದು ವಿಷಯ ಹೊರಬಂತು. ಅವಧಿಗೆ ಮುನ್ನ ಹುಟ್ಟಿದ ಮೊಲದ ಮರಿಗಳಲ್ಲಿ, ಉಸಿರಾಟ ಸರಿಯಾಗಿ ನೆಲೆಗೊಳ್ಳುವ ತನಕ, ಗಂಟಲು ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತಿತ್ತು. ಮರಿ ತಾನಾಗಿ ಉಸಿರೆಳೆದಾಗ ಮಾತ್ರ ತೆರೆಯುತ್ತಿತ್ತು. ಹೊರಗಿನಿಂದ ಮಾಸ್ಕ್ ಹಿಡಿದು ಗಾಳಿ ಊದಿದರೂ ಅದು ಶ್ವಾಸಕೋಶ ತಲುಪುತ್ತಿರಲಿಲ್ಲ. ಹೊಟ್ಟೆಯಲ್ಲಿ ಪ್ರಾಣ ಕಾಯ್ದ ಪಾಠವೇ ಹೊರಗೆ ಬಂದ ಮೊದಲ ನಿಮಿಷಗಳಲ್ಲಿ ಅಡ್ಡಿಯಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಗಾಳಿ ಊದುವುದಷ್ಟೇ ಸಾಲದು, ಅದು ತಾನೇ ಉಸಿರೆಳೆಯುವಂತೆ ಪ್ರಚೋದಿಸಬೇಕು ಎಂಬ ವಾದಕ್ಕೆ ಇದರಿಂದ ಬಲ ಬಂತು. ಹುಟ್ಟಿದ ಕೂಡಲೇ ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ, ಬೆನ್ನನ್ನು ಮೆಲ್ಲಗೆ ಉಜ್ಜಿ ಎಂದು ಶುಶ್ರೂಷಕಿಯರಿಗೆ ತರಬೇತಿಯಲ್ಲಿ ಹೇಳಿಕೊಡುವ ಕ್ರಮಕ್ಕೂ ಇದು ಹೊಂದುತ್ತದೆ. ತಲೆಕೆಳಗೆ ಹಿಡಿದು ಬಾರಿಸುವ ಹಳೆಯ ಪದ್ಧತಿಗೆ ಈ ತರಬೇತಿಯಲ್ಲಿ ಜಾಗವಿಲ್ಲ.

ನುಂಗುವುದು ಮತ್ತು ಉಸಿರಾಡುವುದು ಒಂದನ್ನೊಂದು ತಡೆಯದೆ ನಡೆಯಲು ಇನ್ನೂ ಸಮಯ ಬೇಕು. ಚೀಪು, ನುಂಗು, ಉಸಿರಾಡು ಎಂಬ ಮೂರರ ಹೊಂದಾಣಿಕೆ ಬಲಿಯುವುದು ಸುಮಾರು 34ನೇ ವಾರಕ್ಕೆ. ಅದಕ್ಕೂ ಮುಂಚೆ ಹುಟ್ಟಿದ ಮಕ್ಕಳಿಗೆ ಮೊದಲು ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ತಾಯಿಹಾಲು ಕುಡಿಸುತ್ತಾರೆ. ಅಜ್ಜಿಯರ ಒಳಲೆ ಶಿಶು ತೀವ್ರನಿಗಾ ಘಟಕಗಳಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಹಾಲನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಮಗು ನುಂಗಿ ಉಸಿರೆಳೆಯುವವರೆಗೆ ಕಾಯಲು ಅದರಲ್ಲಿ ಅನುಕೂಲ.

ಕೊನೆಗೆ, ಎಳೆಮಗು ಇರುವ ಮನೆಯವರೆಲ್ಲ ತಿಳಿದಿರಬೇಕಾದ ಒಂದು ಸದ್ದಿದೆ. ಶ್ವಾಸಕೋಶ ಕುಸಿಯುವಂತಿದ್ದರೆ ಮಗು ಪ್ರತಿ ಬಾರಿ ಉಸಿರು ಬಿಡುವಾಗಲೂ ‘ಹ್ಞೂಂ, ಹ್ಞೂಂ’ ಎಂದು ನರಳುತ್ತದೆ. ಅರೆಮುಚ್ಚಿದ ಗಂಟಲಿನಿಂದ ಗಾಳಿಯನ್ನು ಒಳಗೇ ತಡೆದಿಟ್ಟುಕೊಳ್ಳುವ ಯತ್ನವದು. ಗರ್ಭದಲ್ಲಿ ನೀರಿಗೆ ಮಾಡಿದ್ದನ್ನೇ ಈಗ ಗಾಳಿಗೆ ಮಾಡುತ್ತಿದೆ. ಮಗು ಮುಲುಕುತ್ತಿದೆ, ಹೊಟ್ಟೆನೋವಿರಬೇಕು ಎಂದು ಬಜೆ ತೇಯುತ್ತ ಕೂರಬಾರದು. ನರಳಿಕೆಯ ಜೊತೆಗೆ ಪಕ್ಕೆ ಒಳಸೇರುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ ಅಥವಾ ನಿಮಿಷಕ್ಕೆ 60 ಇಲ್ಲವೇ ಅದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗಂಟಲು ಈ ಕೆಲಸವನ್ನು ಒಂಟಿಯಾಗಿ ಬಹಳ ಹೊತ್ತು ಮಾಡಲಾರದು.